ಎರಡು ಬೆರಳಿನ ಸಂದು

"ಉಸಿರು ಬಿಡು," ಎಂದು ದೊಡ್ಡಮ್ಮ ಕಾರ್ಸೆಟ್ಟಿನ ಲಾಡಿಯನ್ನು ಎರಡೂ ಅಂಗೈಗೆ ಸುತ್ತಿಕೊಂಡು ಎಳೆದಳು. ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದ ತಂಗಿಯ ಮಗಳು ಒಂದು ಹೆಜ್ಜೆ ಹಿಂದಕ್ಕೆ ಬಂದಳು.

"ಮೆತ್ತಗೆ ದೊಡ್ಡಮ್ಮ. ನಾನೇನು ಮೂಟೆನಾ?"

"ನನಗೇನು ಗೊತ್ತು ನಿಮ್ಮ ಕಸುಬು. ದಿನಾ ಕಟ್ತಿದ್ದೋಳು ಆ ಕೋಣೇಲಿ ಮಲಗಿದಾಳೆ. ಎಷ್ಟು ಎಳೀಬೇಕು ಅಂತ ಹೇಳು, ಅಷ್ಟು ಎಳೀತೀನಿ."

"ಎರಡು ಅಂಚಿನ ಮಧ್ಯೆ ಎರಡು ಬೆರಳು ಸಂದು ಉಳೀಬೇಕು. ಬೆರಳಿಟ್ಟು ನೋಡು."

ದೊಡ್ಡಮ್ಮ ಬೆರಳಿಟ್ಟಳು. ಮತ್ತೆ ಇನ್ನೊಂದು ಕಡೆ ಇಟ್ಟಳು. "ಎರಡಿರಲಿ, ಒಂದೂ ಹೋಗ್ತಿಲ್ಲ ಕಣೇ."

"ನಿನ್ನ ಬೆರಳು ದಪ್ಪ."

"ದಪ್ಪನೇ. ನಾನು ನಮ್ಮಪ್ಪನ ಹಾಗೆ. ನಿಮ್ಮಮ್ಮ ಮಾತ್ರ..." ಎಂದು ಏನೋ ಹೇಳಹೊರಟ ದೊಡ್ಡಮ್ಮ ಅಲ್ಲಿಗೇ ನಿಲ್ಲಿಸಿದಳು. "ಸಡಿಲ ಬಿಡ್ಲಾ?"

"ಬೇಡ, ಹಾಗೇ ಗಂಟು ಹಾಕು. ಹತ್ತಕ್ಕೆ ಪೆಟ್ಟಿಗೆ ಬರುತ್ತೆ. ಇನ್ನೂ ಅಮ್ಮನ್ನ ತೊಳೆದಿಲ್ಲ."

ಮಣ್ಣು ಮಾಡುವ ದಿನವೂ ಸೊಂಟ ಬಿಗಿಯುವ ಕಾರ್ಸೆಟ್ ಯಾಕೆ ಎಂದು ಅದನ್ನೇ ಹೊಲಿಯುವ ಕಸುಬಿನವರು ಕೇಳುವುದಿಲ್ಲ. ಇಪ್ಪತ್ತೆರಡು ವರ್ಷ ಮಷೀನಿನ ಮೇಲೆ ಬಾಗಿ ಬಾಗಿ ಮಗಳ ಸೊಂಟ ಬರೀ ಹೆಸರಿಗೆ ಸೊಂಟವಾಗಿತ್ತು. ಕಾರ್ಸೆಟ್ ಇಲ್ಲದೆ ಅರ್ಧ ಗಂಟೆ ನಿಲ್ಲುವುದೂ ಕಷ್ಟ. ತಾಯಿಯದೂ ಅದೇ ಪಾಡು. ದಿನವೂ ಬೆಳಿಗ್ಗೆ ಏಳಕ್ಕೆ ಮಗಳು ತಾಯಿಯ ಬೆನ್ನ ಹಿಂದೆ ನಿಂತು ಲಾಡಿ ಎಳೆಯುತ್ತಿದ್ದಳು, ಆಮೇಲೆ ತಾಯಿ ಮಗಳ ಬೆನ್ನ ಹಿಂದೆ. ಇಬ್ಬರೂ ಬೆರಳಿಟ್ಟು ನೋಡಿ, "ಎರಡು ಬೆರಳು, ಸರಿಯಾಗಿದೆ" ಎನ್ನುತ್ತಿದ್ದರು. ಬೇರೆ ಮನೆಗಳಲ್ಲಿ ನಿದ್ದೆ ಬಂತಾ ಎಂದು ಕೇಳುವ ಹಾಗೆ.

ತಾಯಿ ಮೊನ್ನೆ ಮಧ್ಯಾಹ್ನ ಮಷೀನಿನ ಮುಂದೆಯೇ ಕುರ್ಚಿಗೆ ಒರಗಿ ಹೋಗಿದ್ದಳು. ಕಾಲು ಇನ್ನೂ ಪೆಡಲಿನ ಮೇಲಿತ್ತು. ಬಂದ ಡಾಕ್ಟರು ಅವಳ ಮಣಿಕಟ್ಟು ಹಿಡಿದು ನೋಡಿದರು, ಕಾರ್ಸೆಟ್ಟಿನ ಮುಂದುಗಡೆ ಕೆಳಗಿನ ಎರಡು ಕೊಕ್ಕೆ ಬಿಡಿಸಿ ಹೊಟ್ಟೆ ಒತ್ತಿ ನೋಡಿದರು. ಒತ್ತಿದ ಕೈಯನ್ನು ಬಹಳ ಹೊತ್ತು ಅಲ್ಲೇ ಇಟ್ಟಿದ್ದರು.

"ಕೈಗೆ ಸಿಗೋಷ್ಟು ದೊಡ್ಡ ಗಡ್ಡೆ ಇದೆ. ಕಡಿಮೆ ಅಂದ್ರೂ ವರ್ಷ ಆಗಿದೆ," ಎಂದಿದ್ದರು. "ಇಷ್ಟು ಸಣ್ಣ ಆಗಿದಾರೆ. ಮನೇಲಿ ಯಾರೂ ನೋಡಲೇ ಇಲ್ವಾ?"

ಡಾಕ್ಟರು ಚೀಟಿ ಬರೆಯುತ್ತಾ ಇನ್ನೊಂದು ಕೇಳಿದ್ದರು. "ನಿಮ್ಮ ಮನೆ ಹೆಂಗಸರಲ್ಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

"ಗೊತ್ತಿಲ್ಲ," ಎಂದಿದ್ದಳು ಮಗಳು. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಈಗ ಒಳಕೋಣೆಯಲ್ಲಿ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ದೊಡ್ಡಮ್ಮ ಕತ್ತರಿ ಎತ್ತಿಕೊಂಡಳು. "ಲಾಡಿ ಕತ್ತರಿಸಿಬಿಡ್ತೀನಿ."

"ಕತ್ತರಿ ಇಡು ಕೆಳಗೆ," ಎಂದಳು ಮಗಳು. ಸ್ವರ ಏರಲಿಲ್ಲ, ಆದರೂ ದೊಡ್ಡಮ್ಮ ಕತ್ತರಿ ಇಟ್ಟಳು. ಮಗಳು ತಾಯಿಯನ್ನು ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ ಲಾಡಿ ಪೋಣಿಸಿದ ಒಂದೊಂದೇ ಕಣ್ಣಿನಿಂದ ಅದನ್ನು ಬಿಡಿಸತೊಡಗಿದಳು. ಒಂದೊಂದು ಬದಿಗೆ ಹದಿಮೂರು ಕಣ್ಣು. ಬಿಡಿಸುವ ಮೊದಲು ಅಭ್ಯಾಸಬಲದಿಂದ ಸೊಂಟದ ಬಳಿ ಬೆರಳಿಟ್ಟು ನೋಡಿದ್ದಳು. ಎರಡು ಬೆರಳು, ಸರಿಯಾಗಿತ್ತು.

ಕಾರ್ಸೆಟ್ ಬಿಚ್ಚಿದಳು. ಅದರೊಳಗೆ ಇದ್ದದ್ದು ಮಗಳು ದಿನವೂ ಮುಟ್ಟುತ್ತಿದ್ದ ದೇಹವಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಸೊಂಟದ ಮೂಳೆ ಎರಡೂ ಕಡೆ ಎದ್ದು ನಿಂತಿತ್ತು, ನಡುವೆ ಹೊಟ್ಟೆ ಬೋಗುಣಿಯ ಹಾಗೆ ಇಳಿದು, ಒಂದು ಕಡೆ ಮಾತ್ರ ಉಬ್ಬಿತ್ತು.

"ದಿನಾ ನೀನೇ ಅಲ್ವೇನೇ ಕಟ್ತಿದ್ದಿದ್ದು?" ದೊಡ್ಡಮ್ಮ ಕೇಳಿದಳು. ಬೈಗುಳವಾಗಿದ್ದರೆ ಎದುರು ಮಾತಾಡಬಹುದಿತ್ತು. ಅವಳು ಬೈಯಲಿಲ್ಲ, ಬರೀ ಕೇಳಿದಳು. "ಕಣ್ಣಿಗೆ ಕಾಣದೇ ಇರಲಿ, ಕೈಗೂ ತಿಳೀಲಿಲ್ವಾ?"

"ದಿನಾ ಎರಡು ಬೆರಳೇ ಇತ್ತು ದೊಡ್ಡಮ್ಮ. ಈಗಲೂ ನೋಡಿದೆ."

"ಅದೆಂಥಾ ಲೆಕ್ಕವೋ," ಎಂದು ದೊಡ್ಡಮ್ಮ ಬಟ್ಟೆ ಹಿಂಡಿ ತಂಗಿಯ ಮುಖ ಒರೆಸತೊಡಗಿದಳು.

*

ಆ ಲೆಕ್ಕವನ್ನು ಮಗಳು ಕಲಿತದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಮದುವೆ ಎಂಬುದೊಂದು ಅದಾದ ಮೇಲೆ ನಡೆಯಿತು, ಮೂರೇ ವರ್ಷಕ್ಕೆ ಮುಗಿಯಿತು, ಅವಳು ಒಯ್ದ ಟ್ರಂಕನ್ನೇ ಹಿಡಿದು ವಾಪಸು ಬಂದಳು. ಆಗ ಕಲಿತ ಕಸುಬು ಮಾತ್ರ ಜೊತೆಗೆ ಉಳಿಯಿತು.

ಮೊದಲ ದಿನ ತಾಯಿ ಅವಳ ಮುಂದೆ ಒಂದು ತುಂಡು ಬಟ್ಟೆ ಎಸೆದು, "ಎಳಿ ನೋಡೋಣ," ಎಂದಿದ್ದಳು. ಮೀನಿನ ಮುಳ್ಳಿನ ಹಾಗೆ ನೇಯ್ದ ಗಟ್ಟಿ ಹತ್ತಿಬಟ್ಟೆ. ಉದ್ದಕ್ಕೆ ಎಳೆದರೂ ಅಡ್ಡಕ್ಕೆ ಎಳೆದರೂ ಅದು ಮಿಸುಕಲಿಲ್ಲ.

"ಇದು ಹಟಮಾರಿ ಬಟ್ಟೆ. ನಿನ್ನ ಹಾಗೆ. ಎಳೆದರೆ ಬರಲ್ಲ, ಅದಕ್ಕೇ ಇದು ಬೇಕು. ಎಳೆದ ಕಡೆಗೆ ಬಾಗೋ ಬಟ್ಟೆಯಲ್ಲಿ ಕಾರ್ಸೆಟ್ ಹೊಲಿದರೆ ಎರಡೇ ವಾರಕ್ಕೆ ಗೋಣಿಚೀಲ. ಒಳಗೆ ಸೊಂಟದ ಸುತ್ತ ಒಂದು ಪಟ್ಟಿ ಬರುತ್ತೆ, ನೋಡು, ಎಳೆತವೆಲ್ಲ ಅದರ ಮೇಲೆ. ಮನೆಯಲ್ಲಿ ಕಾಣದೆ ದುಡಿಯೋರು ಇರ್ತಾರಲ್ಲ, ಅದು ಹಾಗೆ."

ಉಕ್ಕಿನ ಪಟ್ಟಿಗಳನ್ನು ತಾಯಿ 'ಮೂಳೆ' ಎಂದೇ ಕರೆಯುತ್ತಿದ್ದಳು. ಹಿಂದಿನ ಕಾಲದಲ್ಲಿ ತಿಮಿಂಗಿಲದ ಬಾಯಿಂದ ತೆಗೆದದ್ದನ್ನು ಹಾಕುತ್ತಿದ್ದರಂತೆ, ಆ ಹೆಸರೇ ಉಳಿದಿತ್ತು. ಬೆನ್ನಿನಲ್ಲಿ, ಲಾಡಿಯ ಕಣ್ಣುಗಳ ಎರಡೂ ಪಕ್ಕಕ್ಕೆ ಚಪ್ಪಟೆ ಮೂಳೆ, ಅದು ಬಗ್ಗಬಾರದು. ಪಕ್ಕೆಗೆ ಸುರುಳಿ ಮೂಳೆ, ಅದು ಎಲ್ಲ ಕಡೆಗೂ ಬಗ್ಗಬೇಕು. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ಟೋಪಿ ಹಾಕದಿದ್ದರೆ ಆರು ತಿಂಗಳಿಗೆ ಬಟ್ಟೆ ತೂರಿಕೊಂಡು ಹೊರಗೆ ಬರುತ್ತದೆ. ಮುಂದುಗಡೆ ಕೊಕ್ಕೆ ಮತ್ತು ಗುಬುಟು, ಹಿಂದುಗಡೆ ಲಾಡಿ. ಬಟ್ಟೆ ತರಲು, ಕತ್ತರಿಸಲು ಮಗಳಿಗೆ ಎರಡು ವಾರ ಸಾಕಾಯಿತು. ಮೂಳೆ ಕೂರುವ ಗೂಡನ್ನು ನೇರ ಹೊಲಿಯಲು ಎರಡು ವರ್ಷ ಹಿಡಿಯಿತು.

"ಹುಷಾರು. ಉಣ್ಣೆಯಲ್ಲಿ ತಪ್ಪು ಹೊಲಿದು ಬಿಚ್ಚಿದರೆ ಗೊತ್ತಾಗಲ್ಲ, ಅದು ಮರೆಯುತ್ತೆ. ಈ ಬಟ್ಟೆ ಮರೆಯಲ್ಲ. ಒಮ್ಮೆ ಸೂಜಿ ಚುಚ್ಚಿದ ತೂತು ಬಟ್ಟೆ ಹರಿಯೋವರೆಗೂ ಇರುತ್ತೆ," ಎಂದು ತಾಯಿ ಅವಳ ತಪ್ಪುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು. ತೂತುಗಳ ಸಾಲು ಬೆಳಕಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಳೆಯುತ್ತಿತ್ತು.

ಸೂಜಿ ತಳ್ಳಲು ನಡುಬೆರಳಿಗೆ ಹಾಕುವ ತಾಯಿಯ ಅಂಗುಸ್ತಾನ ಉಕ್ಕಿನದು, ಸಣ್ಣದು. ಒಮ್ಮೆ ಮಗಳು ಅದನ್ನು ಬೆರಳಿಗೆ ಹಾಕಲು ಹೋಗಿ ಉಗುರಿನಿಂದ ಕೆಳಗೆ ಇಳಿಯದೆ ಒದ್ದಾಡಿದಾಗ ತಾಯಿ ನಕ್ಕಿದ್ದಳು. "ನಿನ್ನ ಬೆರಳಿಗೆ ಇದು ಸಾಲಲ್ಲ ಮಗಳೇ, ಲೋಟ ತರಬೇಕು."

ಎರಡು ಬೆರಳಿನ ಮಾತು ಬಂದದ್ದು ಕೊನೆಗೆ. ಹೊಸ ಕಾರ್ಸೆಟ್ ಕಟ್ಟಿದಾಗ ಹಿಂದುಗಡೆ ಅಂಚುಗಳು ಕೂಡಬಾರದು, ನಡುವೆ ಎರಡು ಬೆರಳು ಸಂದು ಬಿಟ್ಟು ಅಳತೆ ತೆಗೆಯಬೇಕು.

"ಯಾಕಮ್ಮ? ಕೂಡಿದರೆ ನೋಡೋಕೆ ಚೆನ್ನಾಗಿರುತ್ತಲ್ಲ?"

"ಆ ಸಂದಿ ಇದ್ದರೇನೇ ಕಾರ್ಸೆಟ್ ಕೆಲಸ ಮಾಡೋದು. ಮನುಷ್ಯ ದಪ್ಪ ಆದರೆ ಸಂದಿ ದೊಡ್ಡದಾಗುತ್ತೆ, ಸಣ್ಣ ಆದರೆ ಚಿಕ್ಕದಾಗುತ್ತೆ. ಅಂಚಿಗೆ ಅಂಚು ಸೇರಿತು ಅಂದ್ರೆ ಒಳಗಿರೋನು ಕರಗಿಹೋಗಿದಾನೆ ಅಂತ. ಗಿರಾಕಿ ಬಾಯಲ್ಲಿ ಏನು ಬೇಕಾದ್ರೂ ಹೇಳ್ತಾನೆ, ಸಂದಿ ಸುಳ್ಳು ಹೇಳಲ್ಲ."

ಟೇಪು ಇದ್ದರೂ ತಾಯಿ ಸಂದಿಯನ್ನು ಮಾತ್ರ ಟೇಪಿನಲ್ಲಿ ಅಳೆಯಲಿಲ್ಲ. ತನ್ನ ಎರಡು ಬೆರಳಿನ ಮೇಲೆ ಅವಳಿಗೆ ಅಷ್ಟು ಭರವಸೆ. ಬೀದಿಯವರು ಅವಳನ್ನು 'ಬಿಗಿಯಮ್ಮ' ಎಂದು ಕರೆಯುತ್ತಿದ್ದರು, ಎದುರಿಗೂ ಕರೆಯುತ್ತಿದ್ದರು, ಅವಳು ಓಗೊಡುತ್ತಲೂ ಇದ್ದಳು.

*

ಹತ್ತೂವರೆಗೆ ಮುಂದಿನ ಕೋಣೆ ತುಂಬಿತು. ಅದು ಅಂಗಡಿಯೂ ಹೌದು. ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ, ಅದರ ಮೇಲೆ ಪೆಟ್ಟಿಗೆ ಇಟ್ಟಿದ್ದರು. ತಲೆಯಿಲ್ಲದ ಅಳತೆಗೊಂಬೆಗಳು ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದವು. ಬಂದವರಲ್ಲಿ ಒಬ್ಬರು ಅವುಗಳನ್ನೂ ಸಾವಿಗೆ ಬಂದವರೆಂದು ತಿಳಿದು, "ಸ್ವಲ್ಪ ಜಾಗ ಬಿಡ್ತೀರಾ" ಎಂದು ಕೇಳಿ, ಆಮೇಲೆ ನಾಚಿಕೊಂಡರು.

ಬಂದವರೆಲ್ಲ ತಾಯಿಯ ಕೈಯಲ್ಲಿ ಉಸಿರು ಹಿಡಿದು ನಿಂತವರೇ. ಮೂವತ್ತು ವರ್ಷ ನಾಟಕದಲ್ಲಿ ರಾಣಿಯ ಪಾತ್ರ ಮಾಡಿ ಈಗ ಎಲ್ಲರ ಬಾಯಲ್ಲೂ 'ರಾಣಿ'ಯಾಗಿಯೇ ಉಳಿದಿದ್ದ ಮುದುಕಿ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಳು. ಅವಳ ಎದುರಿಗೆ ಬಸ್ಸಿನ ಡ್ರೈವರು, ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಅವನ ಅಂಗಿಯೊಳಗೆ ತಾಯಿ ಹೊಲಿದ ಸೊಂಟಪಟ್ಟಿ ಇತ್ತು.

"ಹದಿನಾಲ್ಕು ವರ್ಷ ಸ್ಟೇರಿಂಗ್ ಹಿಡಿದಿದೀನಿ ಅಂದ್ರೆ ಬಿಗಿಯಮ್ಮನಿಂದ," ಎಂದ ಡ್ರೈವರು. "ಡಾಕ್ಟ್ರು ಕೆಲಸ ಬಿಡು ಅಂದ್ರು. ಇವರು ಬಾ, ಕೈ ಎತ್ತು ಅಂದ್ರು. ಅಷ್ಟೇ."

"ನನಗೆ ಮೊದಲನೇ ಸಲ ಕಟ್ಟಿದಾಗ ಮಾತೇ ಹೊರಡಲಿಲ್ಲ," ಎಂದಳು ರಾಣಿ. "ಉಸಿರಾಡೋಕೆ ಆಗ್ತಿಲ್ಲ ಅಂತ ಸನ್ನೆ ಮಾಡಿದೆ. ರಾಣಿಯರು ಉಸಿರಾಡಲ್ಲ, ಆಜ್ಞೆ ಮಾಡ್ತಾರೆ ಅಂದ್ಲು ಇವಳು."

ನಗು ಬಂತು, ಸಾವಿನ ಮನೆಯಲ್ಲಿ ಬರುವ ಹಾಗೆ, ಕೆಮ್ಮಿನ ಜೊತೆ ಬೆರೆತು. ಮಗಳೂ ನಕ್ಕಳು. ನಗುವಾಗ ಅವಳಿಗೊಂದು ಹೊಳೆಯಿತು. ದೊಡ್ಡಮ್ಮ ಅಷ್ಟು ಜೋರಾಗಿ ಎಳೆದು ಕಟ್ಟಿದ್ದರೂ ಕಾರ್ಸೆಟ್ ಎಲ್ಲೂ ಒತ್ತುತ್ತಿರಲಿಲ್ಲ. ಹೊಲಿದದ್ದು ಅಮ್ಮ, ಒತ್ತುವುದಾದರೂ ಹೇಗೆ ಎಂದುಕೊಂಡಳು.

"ನೂಲಿನಂತೆ ಸೀರೆ, ತಾಯಿಯಂತೆ ಮಗಳು," ಎಂದು ಡ್ರೈವರು ಸಮಾಧಾನಕ್ಕೆ ಹೇಳಿದ. "ಅವರು ಹೋದ್ರೂ ನೀವಿದೀರಲ್ಲ. ಅದೇ ಕೈ."

ರಾಣಿ ಮಗಳನ್ನು ನೋಡುತ್ತಿದ್ದಳು. ವೇದಿಕೆಯ ಮೇಲೆ ಜನರನ್ನು ದೂರದಿಂದ ನೋಡಿ ಅಭ್ಯಾಸವಾದ ಕಣ್ಣು. "ನೀನೂ ಇಳಿದುಹೋಗಿದೀಯ."

"ಎರಡು ದಿನದಿಂದ ಊಟ ಸರಿಯಾಗಿಲ್ಲ."

"ಎರಡು ದಿನದ ಉಪವಾಸಕ್ಕೆ ಕೆನ್ನೆ ಹೀಗಾಗಲ್ಲ."

"ದುಃಖ ಇರಲ್ವಾ ರಾಣಿಯಮ್ಮ," ಎಂದು ದೊಡ್ಡಮ್ಮ ಅಡ್ಡ ಬಂದಳು. ಅಗತ್ಯಕ್ಕಿಂತ ಸ್ವಲ್ಪ ಬೇಗ ಬಂದಳು ಎಂದು ಮಗಳಿಗೆ ಅನಿಸಿತು.

ಪಿಸುಮಾತು ಆಗಲೇ ಶುರುವಾಗಿತ್ತು. ಡಾಕ್ಟರು ಹೇಳಿದ್ದು ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ವರ್ಷದಿಂದ ಗಡ್ಡೆ ಇತ್ತಂತೆ. ಒಂದೇ ಮನೆಯಲ್ಲಿದ್ದು, ದಿನಾ ಮೈಮುಟ್ಟಿ ಕಟ್ಟುತ್ತಿದ್ದು, ಮಗಳಿಗೆ ತಿಳಿಯಲೇ ಇಲ್ಲವಂತೆ. "ದೀಪದ ಬುಡದಲ್ಲಿ ಕತ್ತಲೆ," ಎಂದಿತು ಬಾಗಿಲ ಬಳಿಯ ಒಂದು ಧ್ವನಿ. "ಊರಿಗೆಲ್ಲ ಅಳತೆ ತೆಗೀತಾಳೆ, ಹೆತ್ತವಳ ಅಳತೆ ಗೊತ್ತಿಲ್ಲ."

ಮಗಳಿಗೆ ಅದು ಕೇಳಿಸಿತು. ತಾನೂ ಮೊನ್ನೆಯಿಂದ ಅದನ್ನೇ ಹೇಳಿಕೊಳ್ಳುತ್ತಿದ್ದುದರಿಂದ ಹೊಸದಾಗಿ ನೋಯಲಿಲ್ಲ. ನೋಯುತ್ತಿದ್ದದ್ದು ಬೇರೆ. ಸಂದಿ ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ನಂಬಿದ್ದಳು. ಸಂದಿ ಸುಳ್ಳು ಹೇಳಿತೋ, ತನ್ನ ಕೈ ಸತ್ತಿತ್ತೋ? ಇದು ತಿಳಿಯದೆ ಪೆಟ್ಟಿಗೆ ಮುಚ್ಚಲು ಅವಳಿಗೆ ಮನಸ್ಸಾಗಲಿಲ್ಲ. ಪೆಟ್ಟಿಗೆ ಮುಚ್ಚಲು ಇನ್ನು ಮುಕ್ಕಾಲು ಗಂಟೆಯಿತ್ತು.

ಅವಳು ಎದ್ದು ಒಳಗೆ ಹೋಗಿ ತಾಯಿಯ ಕಾರ್ಸೆಟ್ಟನ್ನು ತೆಗೆದುಕೊಂಡು ಹಿಂದಿನ ಕೆಲಸದ ಕೋಣೆಯ ಕಿಟಕಿಗೆ ಬಂದಳು. ಹೊರನೋಟಕ್ಕೆ ಏನೂ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಇಬ್ಬರೂ ಸೇರಿ ಹೊಲಿದದ್ದು. ಆದರೆ ಪಕ್ಕೆಯ ಮೂಳೆಯ ಗೂಡು ಮುಟ್ಟಿದಾಗ ಬೆರಳಿಗೆ ಏನೋ ದಪ್ಪ ಸಿಕ್ಕಿತು. ಅವಳು ಹೊಲಿಗೆ ಬಿಚ್ಚುವ ಚೂರಿ ತೆಗೆದು ಗೂಡನ್ನು ಕೊಯ್ದಳು. ಸುರುಳಿ ಮೂಳೆ ಜಾರಿ ನೆಲಕ್ಕೆ ಬಿತ್ತು. ಒಳಗೆ ಬಟ್ಟೆ ಮಡಿಕೆಯ ಮೇಲೆ ಮಡಿಕೆಯಾಗಿ ಕೂತಿತ್ತು. ಅವಳು ಮಡಿಕೆಗಳನ್ನು ಬಿಡಿಸಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು.

ತೂತುಗಳ ಸಾಲು. ಒಂದರ ಪಕ್ಕ ಒಂದು, ಗೋಧಿಕಾಳಿನಷ್ಟು ದೂರಕ್ಕೆ ಒಂದೊಂದು, ಏಳು ಸಾಲು.

ಅವಳು ಇನ್ನೊಂದು ಪಕ್ಕೆಯನ್ನೂ ಬಿಚ್ಚಿದಳು. ಅಲ್ಲೂ ಏಳು.

ಮೊದಲ ಸಾಲು ಮಷೀನಿನದು, ಗೆರೆ ಎಳೆದ ಹಾಗೆ ನೇರ. ಎರಡನೆಯದೂ ಹಾಗೇ. ನಾಲ್ಕನೆಯದರಿಂದ ಕೈಹೊಲಿಗೆ, ರಾತ್ರಿ ಮಷೀನಿನ ಸದ್ದು ಪಕ್ಕದ ಕೋಣೆಗೆ ಕೇಳಬಾರದೆಂದು ಇರಬೇಕು. ಐದನೆಯದು ಸ್ವಲ್ಪ ಅಂಕುಡೊಂಕು. ಏಳನೆಯದನ್ನು ಕಲಿಯುವ ಹುಡುಗಿ ಹೊಲಿದಿದ್ದರೆ ತಾಯಿ ಮುಖಕ್ಕೆ ಎಸೆಯುತ್ತಿದ್ದಳು. ಒಂದೊಂದು ತೂತು ಒಂದೊಂದು ಕಡೆ, ದಾರ ಎಳೆಯಲು ಶಕ್ತಿಯಿಲ್ಲದ ಸಡಿಲ ಹೊಲಿಗೆ.

ಮೈ ಕರಗಿದ ಹಾಗೆಲ್ಲ ತಾಯಿ ಪಕ್ಕೆಗಳನ್ನು ಒಳಕ್ಕೆ ಮಡಿಚಿ ಹೊಲಿದು ಹಿಡಿಸುತ್ತಾ ಬಂದಿದ್ದಳು. ಬೆಳಿಗ್ಗೆ ಮಗಳು ಬೆರಳಿಟ್ಟಾಗ ಎರಡು ಬೆರಳೇ ಇರಬೇಕೆಂದು. ಮಗಳು ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮೊನ್ನೆಯಿಂದ ಬಾರದಿದ್ದ ಅಳು ಈಗ ಬಂತು. ತನ್ನ ಕೈ ಸತ್ತಿರಲಿಲ್ಲ ಎಂಬ ನೆಮ್ಮದಿಯೂ ಅದರಲ್ಲಿ ಇತ್ತು, ಆ ನೆಮ್ಮದಿಗೆ ನಾಚಿಕೆಯೂ ಇತ್ತು.

ಹುಡುಕಿಕೊಂಡು ಬಂದ ದೊಡ್ಡಮ್ಮನಿಗೆ ಅವಳು ಬಟ್ಟೆಯನ್ನು ಕಿಟಕಿಗೆ ಹಿಡಿದು ತೋರಿಸಿದಳು. "ನೋಡು. ಏಳು ಸಲ ಹಿಡಿಸಿದಾಳೆ. ನನಗೆ ಗೊತ್ತಾಗಬಾರದು ಅಂತ."

ದೊಡ್ಡಮ್ಮ ಚುಕ್ಕಿಗಳನ್ನು ನೋಡಿದಳು. ಆಮೇಲೆ ಕುರ್ಚಿ ಹುಡುಕಿ ಕೂತಳು. "ಅಮ್ಮನೂ ಹೀಗೇ ಮಾಡಿದ್ಲು," ಎಂದಳು.

"ಯಾರಮ್ಮ?"

"ನಮ್ಮಮ್ಮ. ನಿನ್ನಜ್ಜಿ. ಬಟ್ಟೆ ಹಿಡಿಸ್ಕೋತಾ, ಹಿಡಿಸ್ಕೋತಾ... ಐವತ್ತೆಂಟಕ್ಕೆ ಹೋದ್ಲು. ನಮ್ಮ ಚಿಕ್ಕಮ್ಮ ಒಬ್ಬಳಿದ್ಲು, ನೀನು ನೋಡಿಲ್ಲ. ಅವಳಿಗೆ ನಲವತ್ತಮೂರು. ಎಲ್ಲ ಹೊಟ್ಟೆದೇ. ನಾನು ಅಪ್ಪನ ಮೈ ತಂದೆ, ಉಳ್ಕೊಂಡೆ."

ಮಗಳು ಅವಳನ್ನೇ ನೋಡಿದಳು. "ನನಗೆ ಯಾಕೆ ಯಾರೂ ಹೇಳ್ಲಿಲ್ಲ?"

"ನಿನ್ನ ಮದುವೆ ಟೈಮಲ್ಲಿ ಬಾಯಿ ಬಿಡಬೇಡ ಅಂದ್ರು. ಇಂಥಾ ಮನೆ ಹೆಣ್ಣನ್ನ ಯಾರು ಒಪ್ತಾರೆ ಅಂತ. ಆಮೇಲೆ ಮದುವೆ ಹೋಯ್ತು, ಬಾಯಿ ಮುಚ್ಚಿಕೊಳ್ಳೋದು ಅಭ್ಯಾಸ ಆಗಿ ಉಳೀತು." ದೊಡ್ಡಮ್ಮ ಮೂಗು ಒರೆಸಿಕೊಂಡಳು. "ನಿಮ್ಮಮ್ಮನಿಗೆ ನಿಂದೇ ಭಯ ಇತ್ತು. ನನಗೆ ಫೋನಲ್ಲಿ ಹೇಳ್ತಿದ್ಲು, ದಿನಾ ನೋಡ್ತಾ ಇದೀನಿ ಅಕ್ಕ, ಅವಳಿಗೇನೂ ಇಲ್ಲ, ಚೆನ್ನಾಗಿದಾಳೆ ಅಂತ. ಏನು ನೋಡ್ತೀಯೇ ಅಂದ್ರೆ, ನಮ್ಮ ಹತ್ರ ಅಳತೆ ಇದೆ ಬಿಡು ಅಂತಿದ್ಲು."

ಹೊರಗೆ ಯಾರೋ ಪೆಟ್ಟಿಗೆ ಮುಚ್ಚುವ ಹೊತ್ತಾಯಿತೆಂದು ಕೂಗಿದರು.

"ಅದನ್ನ ಅವಳ ಜೊತೇಲೇ ಇಟ್ಟುಬಿಡು," ಎಂದಳು ದೊಡ್ಡಮ್ಮ ಬಟ್ಟೆಯನ್ನು ತೋರಿಸಿ. "ಅವಳ ಗುಟ್ಟು ಅವಳ ಹತ್ರಾನೇ ಇರಲಿ."

ಮಗಳು ಬಿದ್ದ ಮೂಳೆಗಳನ್ನು ಎತ್ತಿ ಗೂಡಿಗೆ ಸೇರಿಸಿ, ಕಾರ್ಸೆಟ್ಟನ್ನು ಸುರುಳಿ ಸುತ್ತಿ ತಾಯಿಯ ಕೈಯ ಕೆಳಗಿಟ್ಟಳು. ಪೆಟ್ಟಿಗೆ ಎತ್ತಿದ ಆರು ಜನರಲ್ಲಿ ಒಬ್ಬನಾಗಿದ್ದ ಡ್ರೈವರು ಪಕ್ಕದವನಿಗೆ, "ಎಷ್ಟು ಹಗುರ, ಒಳಗೆ ಮನುಷ್ಯರೇ ಇಲ್ಲದ ಹಾಗಿದೆ," ಎಂದು ಮೆಲ್ಲಗೆ ಹೇಳಿದ್ದು ಅವಳಿಗೆ ಕೇಳಿಸಿತು.

*

ಈ ವರ್ಷದ ಬೆಳಗುಗಳು ಸ್ಮಶಾನದ ದಾರಿಯುದ್ದಕ್ಕೂ ಅವಳಿಗೆ ನೆನಪಾದವು.

ತಾಯಿ ಬೆನ್ನ ಹಿಂದೆ ನಿಂತು ಲಾಡಿ ಎಳೆಯುತ್ತಿದ್ದಳು. ಇತ್ತೀಚೆಗೆ ಬಹಳ ಮೆತ್ತಗೆ ಎಳೆಯುತ್ತಿದ್ದಳು. "ಇಷ್ಟು ಸಡಿಲ ಯಾಕಮ್ಮ?" ಎಂದರೆ, "ನಿನಗೂ ವಯಸ್ಸಾಯ್ತಲ್ಲೇ, ಇನ್ನೆಷ್ಟು ಬಿಗಿಯೋದು?" ಎನ್ನುತ್ತಿದ್ದಳು. ನಲವತ್ತೊಂದಕ್ಕೆ ವಯಸ್ಸಾಯಿತೇ ಎಂದು ಮಗಳು ರೇಗುತ್ತಿದ್ದಳು. ಆಮೇಲೆ ಬೆನ್ನಿಗೆ ತಣ್ಣನೆಯ ಬೆರಳು ತಾಗುತ್ತಿತ್ತು. ಮೇಲೆ ಒಮ್ಮೆ, ಸೊಂಟದಲ್ಲಿ ಒಮ್ಮೆ, ಕೆಳಗೆ ಒಮ್ಮೆ. ಮೊದಲೆಲ್ಲ ಒಮ್ಮೆ ಮುಟ್ಟಿ ಬಿಡುತ್ತಿದ್ದವಳು ಈ ವರ್ಷ ಮೂರು ಕಡೆ ಮುಟ್ಟಿ ನೋಡುತ್ತಿದ್ದಳು.

"ಎರಡು ಬೆರಳು," ಎನ್ನುತ್ತಿದ್ದಳು ಕೊನೆಗೆ. "ಸರಿಯಾಗಿದೆ." ಹೇಳಿ ಒಂದು ಉಸಿರು ಬಿಡುತ್ತಿದ್ದಳು. ದೊಡ್ಡ ಕೆಲಸ ಮುಗಿಸಿದವರ ಉಸಿರು.

ಬೇಸಿಗೆಯಲ್ಲಿ ಒಂದು ದಿನ ಮಗಳಿಗೆ ಊಟ ಸೇರುತ್ತಿರಲಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. "ಸೆಕೆಗೆ," ಎಂದಿದ್ದಳು ಮಗಳು. ತಾಯಿ ತಟ್ಟೆಯನ್ನು ನೋಡುತ್ತಾ ಕೂತಿದ್ದಳು. "ನಾಳೆ ಡಾಕ್ಟರ ಹತ್ರ ಹೋಗಿ ಬಾ," ಎಂದಿದ್ದಳು. ಮರುದಿನ ಬೆಳಿಗ್ಗೆ ಲಾಡಿ ಕಟ್ಟಿ, ಬೆರಳಿಟ್ಟು ನೋಡಿ, ಇನ್ನೊಮ್ಮೆ ಇಟ್ಟು ನೋಡಿ, "ಬೇಡ ಬಿಡು. ಸೆಕೆಗೇ ಇರಬೇಕು," ಎಂದಿದ್ದಳು.

*

ಮಣ್ಣು ಮಾಡಿ ಬರುವಾಗ ನಾಲ್ಕು ಗಂಟೆ. ಜನ ಹೊರಟುಹೋದರು. ರಾಣಿ ಹೋಗುವಾಗ ಮಗಳ ಮಣಿಕಟ್ಟು ಹಿಡಿದು, ಏನೋ ಅಳೆಯುವವಳ ಹಾಗೆ ಬೆರಳುಗಳನ್ನು ಸುತ್ತಿಸಿ ಬಿಟ್ಟಳು.

ದೊಡ್ಡಮ್ಮ ಅಡಿಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಳು. ಮಗಳು ಕೆಲಸದ ಕೋಣೆಗೆ ಹೋದಳು. ತಾಯಿಯ ಮಷೀನಿನಲ್ಲಿ ಅರ್ಧ ಹೊಲಿದ ಬಟ್ಟೆ ಸೂಜಿಯ ಕೆಳಗೆ ಹಾಗೇ ಇತ್ತು. ಅದನ್ನು ಬಿಡಿಸಿ ಮಡಚಿಟ್ಟಳು. ಕತ್ತರಿಗಳನ್ನು ಮೊಳೆಗೆ ತೂಗುಹಾಕಿದಳು. ಸೂಜಿದಿಂಬಿನ ಪಕ್ಕದಲ್ಲಿ ಅಂಗುಸ್ತಾನ ಕೂತಿತ್ತು. ಡಬ್ಬಕ್ಕೆ ಹಾಕೋಣವೆಂದು ಎತ್ತಿದಾಗ ಅದರೊಳಗೆ ಏನೋ ತುರುಕಿದ ಹಾಗೆ ಕಂಡಿತು.

ಹತ್ತಿಯ ಪಟ್ಟಿ. ಅಂಗುಸ್ತಾನದ ಒಳಗೋಡೆಗೆ ಸುತ್ತು ಬರುವ ಹಾಗೆ ಅಂಟಿಸಿದ್ದು, ಒಂದರ ಮೇಲೆ ಒಂದು, ಮೂರು ಪದರ. ಬೆರಳು ಕರಗಿ ಅಂಗುಸ್ತಾನ ಜಾರತೊಡಗಿದಾಗ ತಾಯಿ ಅದನ್ನೂ ಹಿಡಿಸಿದ್ದಳು.

ಮಗಳು ಆ ಪದರಗಳನ್ನು ನೋಡುತ್ತಾ ನಿಂತಳು. ಮೈಗೆ ಏಳು ಸಾಲು, ಬೆರಳಿಗೆ ಮೂರು ಪದರ. ಅಷ್ಟು ಸಣ್ಣಗಾದ ಬೆರಳು. ದಿನವೂ ತನ್ನ ಬೆನ್ನಿನ ಸಂದಿಯಲ್ಲಿ ಇಳಿದು ನೋಡುತ್ತಿದ್ದದ್ದು ಆ ಬೆರಳೇ. ಎಳೆಯುತ್ತಿದ್ದದ್ದು ಏಳನೆಯ ಸಾಲನ್ನು ಹೊಲಿದ ಕೈ. ಗಿರಾಕಿ ಸುಳ್ಳು ಹೇಳಬಹುದು, ಸಂದಿ ಹೇಳುವುದಿಲ್ಲ. ಅಳೆಯುವ ಬೆರಳೇ ಸವೆದುಹೋದರೆ ಏನಾಗುತ್ತದೆಂದು ಮಾತ್ರ ತಾಯಿ ಅವಳಿಗೆ ಕಲಿಸಿರಲಿಲ್ಲ, ತಾನೂ ಯೋಚಿಸಿರಲಿಲ್ಲ.

ಹತ್ತಿಯ ಮೂರು ಪದರ ಒಳಗೆ ಇರುವಂತೆಯೇ ಅವಳು ಅಂಗುಸ್ತಾನವನ್ನು ನಡುಬೆರಳಿಗೆ ಇಟ್ಟಳು. ಅದು ಉಗುರು ದಾಟಿ ಕೆಳಗಿಳಿದು ಸರಿಯಾಗಿ ಕೂತಿತು.

"ಕಾಫಿ ಆಯ್ತು ಬಾರೇ," ಎಂದು ದೊಡ್ಡಮ್ಮ ಒಳಗಿಂದ ಕರೆದಳು. "ಬೆಳಿಗ್ಗೆ ಸಿಕ್ಕಾಪಟ್ಟೆ ಎಳೆದುಬಿಟ್ಟೆ, ಉಸಿರು ಕಟ್ಟಿರಬೇಕು ನಿನಗೆ. ಬಾ, ಸಡಿಲ ಮಾಡ್ತೀನಿ."

ಮಗಳು, ಗಿರಾಕಿಗಳು ತಮ್ಮ ಬೆನ್ನು ನೋಡಿಕೊಳ್ಳುವ ಮೂರು ಮಡಿಕೆಯ ಕನ್ನಡಿಯ ಮುಂದೆ ನಿಂತು, ಮೇಲಂಗಿ ಎತ್ತಿ ಹಿಡಿದಳು. ಎದೆಯ ಕೆಳಗೆ ಕಾರ್ಸೆಟ್ಟಿನ ಮೇಲಂಚಿಗೆ ಕೈಯಿಟ್ಟಳು. ಅಂಗೈ ಪೂರ್ತಿ, ಯಾವ ಅಡ್ಡಿಯೂ ಇಲ್ಲದೆ, ಒಳಗೆ ಇಳಿಯಿತು. ಪಕ್ಕದ ಕನ್ನಡಿಯಲ್ಲಿ ಅವಳ ಬೆನ್ನು ಕಾಣುತ್ತಿತ್ತು. ಅಂಚಿಗೆ ಅಂಚು ಸೇರಿ, ಮೇಲಿನಿಂದ ಕೆಳಗಿನವರೆಗೆ ಹದಿಮೂರು ಕಣ್ಣು ಹದಿಮೂರು ಕಣ್ಣಿಗೆ ತಲೆ ಕೊಟ್ಟು ಕೂತಿದ್ದವು.

ಅವಳು ಕೈ ಹಿಂದೆ ತಂದು ಸೊಂಟದ ಬಳಿ ಎರಡು ಬೆರಳಿಟ್ಟು ಒತ್ತಿದಳು. ಬೆರಳು ಇಳಿಯಲಿಲ್ಲ, ಅಂಗುಸ್ತಾನ ಕಣ್ಣಿನ ಉಕ್ಕಿಗೆ ತಾಗಿ ಟಿಕ್ ಎಂದಿತು. ಸ್ವಲ್ಪ ಕೆಳಗಿಟ್ಟು ಒತ್ತಿದಳು. ಅಲ್ಲೂ ಟಿಕ್ ಎಂದಿತು.